ಸಾಸಿವಿಕಾಳಿನಷ್ಟು ನಿದ್ದಿ

ಫಕೀರವ್ವನ ಮನಿಯೊಳಗ ಐದು ಕೂಸು, ಆದರ ಒಂದರದೂ ಸಪ್ಪಳಿಲ್ಲ. ನಂಬಿಕಿ ಬರದವರು ಬಂದು ನೋಡ್ರಿ ಅಂತ ತಾನ ಕರೀತಿದ್ದಳು. ಗ್ವಾಡಿಗೆ ಗ್ವಾಡಿ ಹಚ್ಚಿ ಕುಂಥುನಾಥ ಅಣ್ಣಾರ ಕಾರಖಾನಿ. ಅದರಾಗ ಹದಿನಾರು ಮಗ್ಗ ಮುಂಜಾನಿಂದ ಸಂಜಿತನಕ ಧಡಾ ಬಡಾ ಅಂತ ಬಡಕೊಂಡರ, ಇತ್ತ ಫಕೀರವ್ವನ ಹಲಗಿ ಮ್ಯಾಲಿನ ತಾಟು ಸೈತ ನಡಗತಿದ್ದವು. ಅಂಥಾದ್ದರಾಗ ಐದೂ ಕೂಸು ಸೀರಿ ಜೋಳಿಗ್ಯಾಗ ತಣ್ಣಗ ಮಲಗಿರತಿದ್ದವು. ಇಚಲಕರಂಜಿಯ ಆ ಗಲ್ಲಿಯೊಳಗ ಕಂಡಿಕಿ ಸುತ್ತಾಕ ಹೋಗೂ ಹೆಣಮಕ್ಕಳು, ಅಂದರ ಮಗ್ಗಕ್ಕ ಹಾಕೂ ನೂಲನ್ನ ಸಣ್ಣ ಸಣ್ಣ ಕೊಳವಿಗೆ ಸುತ್ತಿ ಕೊಡೂ ಹೆಣಮಕ್ಕಳು, ಮುಂಜಾನೆ ತಮ್ಮ ಕೂಸನ್ನ ಆಕಿ ಉಡಿಯೊಳಗ ಹಾಕಿ ಹೋಗತಿದ್ದರು. "ಫಕೀರವ್ವನ ಕೈಗುಣ ಭಾಳ ಚಲೋ" ಅಂತಿದ್ದರು.

ಕೈಗುಣ ಅಂತ ಕೈಗುಣ! ಅದು ಅಫೀಮು. ಗಲ್ಲಿಯೊಳಗ ಗೊತ್ತಿಲ್ಲದವರು ಯಾರಿದ್ದರು ಹೇಳ್ರಿ? ಎಲ್ಲಾರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡತಿದ್ದಿಲ್ಲ. ಸರಕಾರದವರು ಅಫೀಮು ಮಾರೂದು ಬಂದ್ ಮಾಡಿ ಎರಡು ವರ್ಷ ಆಗಿತ್ತು. ಬಂದ್ ಮಾಡಿದರ ಏನಾತು, ಬೇಕಾದವರಿಗೆ ಸಿಗತಿತ್ತು, ಸೆರಗಿನ ತುದಿಗೆ ಗಂಟ ಹಾಕ್ಕೊಂಡು ತರತಿದ್ದರು, ಅಷ್ಟ ಫರಕು.

ಫಕೀರವ್ವನ ತವರುಮನಿ ಗಡಹಿಂಗ್ಲಜ ಕಡೆ ನೂಲ ಅನ್ನೂ ಹಳ್ಳಿ. ಆಕಿ ಅವ್ವ ಹೊಲದಾಗ ಕಸಾ ತಗಿಯೂ ಮುಂದ ಹಿಂಗ ಮಾಡತಿದ್ದಳು: ಸಾಸಿವಿಕಾಳಿನಷ್ಟು ಅಫೀಮು, ಸಾಣಿಕಲ್ಲಿನ ಮ್ಯಾಲೆ ಎದಿಹಾಲಿನಾಗ ತೇದು, ಕಿರಿಬೆರಳಲೆ ಕೂಸಿನ ನಾಲಿಗಿಗೆ ಹಚ್ಚೂದು. ಬದುವಿನ ಮ್ಯಾಲೆ ಮಲಗಿಸಿದರ ಸಂಜಿತನಕ ಕೂಸು ಮಿಸುಕತಿದ್ದಿಲ್ಲ. "ನಾನೂ ಅದನ್ನ ನೆಕ್ಕಿ ಬೆಳದೇನಿ. ನಂಗೇನಾಗೈತಿ? ಕಲ್ಲಿನಂಗ ಗಟ್ಟಿ ಅದೇನಿ" ಅಂತ ಫಕೀರವ್ವ ಎದಿ ಬಡಕೊಂಡು ಹೇಳತಿದ್ದಳು. ಅವರವ್ವ ಹಡದ ಏಳು ಮಂದಿಯೊಳಗ ಇಬ್ಬರು ಉಳದಿದ್ದಿಲ್ಲ. ಅವರನ್ನ ಬಾಲಗ್ರಹ ಒಯ್ತು ಅಂತ ಅವ್ವ ಹೇಳಿದ್ದಳು. ಫಕೀರವ್ವ ಅದನ್ನ ತಿರುಗಿ ಕೇಳಾಕ ಹೋಗಿದ್ದಿಲ್ಲ.

ಹಿಂಗಿರೂ ಮುಂದ ನರ್ಸಬಾಯಿ ಬಂದಳು. ಅಲಕಾಬಾಯಿ ಅಂತ ಹೆಸರು, ಕೊಲ್ಹಾಪುರದಾಕಿ, ಬಿಳೀ ಸೀರಿ, ಕರೀ ಛತ್ರಿ. ಮಾತು ಅರ್ಧಾ ಮರಾಠಿ, ಅರ್ಧಾ ಮುರಕಲ ಕನ್ನಡ. ಗಲ್ಲಿಗೆ ಬಂದು ಒಂದೊಂದ ಕೂಸನ್ನ ಎತ್ತಿ ನೋಡಿದಳು, ರೆಪ್ಪಿ ಬಿಡಿಸಿ ನೋಡಿದಳು. ಆಮ್ಯಾಲೆ ಹೆಣಮಕ್ಕಳನ್ನ ಎಲ್ಲಾ ಬಸವಣ್ಣನ ಕಟ್ಟಿ ಮುಂದ ಕೂಡಿಸಿ ಜಾಡಿಸಿದಳು ನೋಡ್ರಿ: "ಬಾಯೀ, ಹೇ ವಿಷ ಆಹೇ ವಿಷ! ಕೂಸು ಮಲಗೂದಿಲ್ಲ, ಬೀಳತೈತಿ. ಹಾಲು ಕುಡಿಯೂದಿಲ್ಲ, ಬೆಳೆಯೂದಿಲ್ಲ. ಒಂದು ದಿನ ಏಳೂದೂ ಇಲ್ಲ. ಹೊಡದರ ಅಷ್ಟ ಕೂಸಿಗೆ ಹಿಂಸಾ ಅಂತ ತಿಳಕೊಂಡೀರೇನು?"

ಎಲ್ಲಾರೂ ನೆಲಾ ನೋಡಿದರು. ಅಲಕಾಬಾಯಿ ಶಾಣ್ಯಾಕಿ. ಲಿಂಗವಂತರ ಮಂದಿ ಕೊರಳಾಗಿನ ಲಿಂಗಾ ಮುಟ್ಟಿ ಆಣಿ ಮಾಡಿದರ ತಪ್ಪೂದಿಲ್ಲ ಅಂತ ಯಾರೋ ಆಕಿಗೆ ಹೇಳಿದ್ದರು. "ಹಂಗಾರ ಲಿಂಗಾ ಮುಟ್ಟಿ ಹೇಳ್ರಿ, ಇನ್ನ ಕೊಡೂದಿಲ್ಲ ಅಂತ" ಅಂದಳು. ಒಬ್ಬರ ಮಾರಿ ಒಬ್ಬರು ನೋಡಿಕೊಂಡು ಎಲ್ಲಾರೂ ಮುಟ್ಟಿದರು. ಫಕೀರವ್ವ ಮುಟ್ಟಿದಳು. ಆಕಿ ಸೊಸಿ ಚನ್ನವ್ವನೂ ಮುಟ್ಟಿದಳು. ಗಲ್ಲೀನ ಗೆದ್ದೆ ಅಂತ ನರ್ಸಬಾಯಿ ಛತ್ರಿ ಬೀಸಿಕೋತ ಹೋದಳು.

ಆಕಿ ಹೋಗೂದು ತಡ, ಕೂಸುಗಳು ಸುರು ಮಾಡಿದವು. ರೂಢಿ ಬಿದ್ದ ಮೈ, ಅಫೀಮು ಸಿಗಲಿಲ್ಲ ಅಂದರ ಬಿಡತಾವೇನು? ಹಗಲೆಲ್ಲಾ ಚೀರೂದು, ಹೊಟ್ಟಿ ಝಾಡಸೂದು, ಕಾಲು ಎಳದೆಳದು ಹೊರಳೂದು. ಫಕೀರವ್ವನ ಎರಡು ಕೈಗೆ ಐದು ಕೂಸು ಎಲ್ಲಿಂದ ಸಾಲಬೇಕು? ಮೂರನೇ ದಿನಕ್ಕ ಗಲ್ಲಿಯವರು "ನಿಂದೂ ಕೈಗುಣ ಹೋತಲ್ಲಬೇ" ಅಂತ ಕುಚೇಷ್ಟಿ ಮಾಡಿ ತಮ್ಮ ತಮ್ಮ ಕೂಸು ಎತ್ತಿಕೊಂಡು ಹೋದರು. ಉಳದದ್ದು ಮಮ್ಮಗಳು ಬಾಳಕ್ಕ ಒಬ್ಬಾಕಿ, ಎಂಟು ತಿಂಗಳ ಕೂಸು. ಆ ಒಬ್ಬಾಕಿನ ಐದು ಮಂದಿಯಷ್ಟು ಅಳತಿದ್ದಳು. ಚನ್ನವ್ವ ಕಾರಖಾನಿಯಿಂದ ಓಡಿ ಬರೂದು, ಓಡಿ ಹೋಗೂದು. ಅತ್ತ ಕಂಡಿಕಿ ಕಡಿಮಿ ಬಿದ್ದು ನೇಕಾರರು ಬೈಯೂದು. ಒಂಬತ್ತನೇ ದಿನ ಫಕೀರವ್ವನ ತಲಿ ಕೆಟ್ಟಿತು. ಬಾಗಲಾ ಮುಂದ ಮಾಡಿ ಸಾಣಿಕಲ್ಲು ತಗದಳು. "ಶಿವನ, ನಾ ನನ್ನ ಸಲುವಾಗಿ ಮಾಡಾಕತ್ತಿಲ್ಲಪಾ. ಕೂಸಿನ ಸಂಕಟ ನೋಡಲಾರದ ಮಾಡತೇನಿ" ಅಂದಳು. ಕಳ್ಳಗ ಒಂದು ಪಿಳ್ಳಿ ನೆವ ಅಂತಾರಲ್ಲ, ಹಂಗ. ಸೊಸಿಗೆ ಹೇಳಲಿಲ್ಲ. ಹೆಂಗ ಹೇಳತಾಳ? ಲಿಂಗಾ ಮುಟ್ಟಿದಾಕಿ.

ಬಾಳಕ್ಕ ಮತ್ತ ತಣ್ಣಗ ಮಲಗತೊಡಗಿದಳು. ಸೊಸಿ ಬಂದು ನೋಡಿ, "ರೂಢಿ ತಪ್ಪೇತಿ ಕಾಣಸತೈತ್ರಿ ಅತ್ತಿ" ಅಂದಳು. "ಹೌದಲ್ಲ, ತಪ್ಪಲೇಬೇಕಲ್ಲ" ಅಂತ ಫಕೀರವ್ವ ಬ್ಯಾರೆ ಕಡೆ ಮಾರಿ ಮಾಡಿದಳು.

ಹಿಂಗ ಒಂದು ತಿಂಗಳು ಹೋತು. ಆಮ್ಯಾಲೆ ಬಾಳಕ್ಕಗ ಹಲ್ಲು ಬರಾಕ ಹತ್ತಿದವು, ಮ್ಯಾಲೆ ನೆಗಡಿ. ಎರಡು ಮೂರು ದಿನದಿಂದ ನಿದ್ದಿ ಮಾತ್ರ ಭಾಳ ಗಟ್ಟಿ ಆಗಿತ್ತು. ಮಧ್ಯಾಹ್ನ ಮೂರಾದರೂ ಏಳತಿದ್ದಿಲ್ಲ. ಫಕೀರವ್ವಗ ಒಳಗೊಳಗ ಹೆಮ್ಮಿ: ನನ್ನ ಅಳತಿ ಅಂದರ ಅಳತಿ! ಆ ಸೋಮವಾರ ಮುಂಜಾನೆ ಚನ್ನವ್ವ ಕೂಸನ್ನ ಉಡಿಯೊಳಗ ಹಾಕಿ, "ಇವತ್ತ ಹಾಲೂ ಕುಡದಿಲ್ಲರಿ ಅತ್ತಿ, ಬರೇ ಕುಂಯ್‌ಗುಡತೈತಿ" ಅಂದು ಕಾರಖಾನಿಗೆ ಹೋದಳು. ಫಕೀರವ್ವ ಬಾಗಲಾ ಮುಂದ ಮಾಡಿದಳು, ತೇದಳು, ಹಚ್ಚಿದಳು. ಕೂಸು ಮಲಗಿತು.

ಹನ್ನೆರಡಕ್ಕ ಚನ್ನವ್ವ ಹಾಲು ಕುಡಸಾಕ ಬಂದಳು. ಎದಿಗೆ ಹಚ್ಚಿದರ ಕೂಸು ಬಾಯಿ ತಗಿಯಲಿಲ್ಲ. ಗಲ್ಲ ತಟ್ಟಿದಳು, ಇಲ್ಲ. ಅಂಗಾಲು ಚಿವುಟಿದಳು, ಇಲ್ಲ. "ಅತ್ತೀ!" ಅಂತ ಒದರಿದಳು. ಫಕೀರವ್ವ ಒಲಿ ಮುಂದಿಂದ ಎದ್ದು ಬಂದು ಕೂಸನ್ನ ಬೆಳಕಿಗೆ ಹಿಡದು ನೋಡಿದಳು. ತುಟಿ ನೇರಳಿಹಣ್ಣಿನ ಬಣ್ಣ ಆಗಿದ್ದವು. ಕುತ್ತಿಗಿ ಅತ್ತ ಹಾಕಿದರ ಅತ್ತ, ಇತ್ತ ಹಾಕಿದರ ಇತ್ತ. ಹೊರಗ ಓಡಿ ಒದರಿದಳು:

"ಮಲ್ಲಾರೀ! ಟಾಂಗಾ ಹೂಡೋ! ನಿನ್ನ ಕೈ ಮುಗೀತೇನೋ, ಹೂಡೋ!"

ಟಾಂಗಾದ ಮಲ್ಲಾರಿ ಗಲ್ಲಿ ತುದಿಗೆ ಇರಾವ, ಉಣ್ಣೂದು ಬಿಟ್ಟು ಎದ್ದ. ಕುದುರಿ ಓಡಿತು. ಚನ್ನವ್ವ ಕೂಸನ್ನ ಅವಚಿಕೊಂಡು "ನನ್ನವ್ವಾ, ನನ್ನ ಬಂಗಾರಾ" ಅಂತಿದ್ದಳು.  ಫಕೀರವ್ವನ ತಲಿಯೊಳಗ ಒಂದ ಮಾತು ಗಿರಕಿ ಹೊಡೀತಿತ್ತು. ಸಾಸಿವಿಕಾಳು. ಬರೇ ಸಾಸಿವಿಕಾಳು. ಅದಕ್ಕ ಯಾರರ ಸಾಯತಾರೇನು? ಇದು ನೆಗಡಿ ಏರಿದ್ದು, ದೃಷ್ಟಿ ಆದದ್ದು, ಮತ್ತೇನೋ ಆದದ್ದು. ಡಾಕ್ಟರ್ ಕೇಳಿದರ ಏನ ಹೇಳಲಿ? ಹೇಳಿದರ ಪೋಲೀಸರು ಬರತಾರ. ಮಗ ಬಸಗೊಂಡ ಮಾರಿ ನೋಡೂದಿಲ್ಲ. ಈ ಸೊಸಿ ನನ್ನ ಕೈಯಾಗ ಕೂಸನ್ನ ಇನ್ನ ಕೊಡತಾಳೇನು? ಲಿಂಗಾ ಮುಟ್ಟಿ ತಪ್ಪಿದ ಮುದುಕಿ ಅಂತ ಗಲ್ಲಿ ಉಗಳತೈತಿ. ಬ್ಯಾಡ. ಹೇಳೂದು ಬ್ಯಾಡ. ಡಾಕ್ಟರ್ ಶಾಣ್ಯಾವ ಇರತಾನ, ಅವನ ನೋಡಿಕೊಳ್ಳತಾನ.

ದವಾಖಾನಿ ಡಾಕ್ಟರ್ ಹರೇದವ. ಕೂಸನ್ನ ಮೇಜಿನ ಮ್ಯಾಲೆ ಹಾಕಿ ರೆಪ್ಪಿ ಎತ್ತಿ ನೋಡಿದ. ನಳಿಗಿ ಹಚ್ಚಿ ಎದಿ ಕೇಳಿದ. ಹಣಿ ಮುಟ್ಟಿದ. ಆಮ್ಯಾಲೆ ಮರಾಠಿಯೊಳಗ ಸೀದಾ ಕೇಳಿದ: "ಕಣ್ಣಿನ ಪಾಪಿ ಭಾಳ ಸಣ್ಣ ಆಗ್ಯಾವ. ಅಫೀಮು ಕೊಟ್ಟೀರೇನು?"

"ಇಲ್ಲರೀ" ಅಂದಳು ಫಕೀರವ್ವ. ಅದು ಬಾಯಿಂದ ತಾನ ಬಂತು.

ಡಾಕ್ಟರ್ ತಾಯಿ ಕಡೆ ನೋಡಿದ. ಚನ್ನವ್ವ ಕೊರಳಾಗಿನ ಲಿಂಗಾ ಹಿಡದಳು. "ಇಲ್ಲರಿ ಸಾಹೇಬ್ರ. ಲಿಂಗಾ ಮುಟ್ಟಿ ಹೇಳತೇನಿ, ಕೊಟ್ಟಿಲ್ಲರಿ."

ಫಕೀರವ್ವ ಸೊಸಿ ಕಡೆ ನೋಡಿದಳು. ಪಾಪ, ಏನೂ ಅರಿಯದ ಹುಡುಗಿ, ಖರೇನ ಹೇಳತಾಳ. ಸುಳ್ಳಿ ಅಂದರ ನಾ ಒಬ್ಬಾಕಿ.

ಅಷ್ಟರಾಗ ಅಲಕಾಬಾಯಿ ಸುದ್ದಿ ಕೇಳಿ ಒಳಗ ಬಂದಳು. ಅತ್ತಿ ಸೊಸಿನ್ನ ನೋಡಿ ಗುರುತು ಹಿಡದಳು. "ಸಾಹೇಬ, ಇವರು ಆ ಗಲ್ಲಿಯವರು. ಅಫೀಮು ಕೊಟ್ಟಿರೂದಿಲ್ಲ. ನನ್ನ ಮುಂದ ಲಿಂಗಾ ಮುಟ್ಟಿ ಆಣಿ ಮಾಡ್ಯಾರ. ಈ ಮಂದಿ ಲಿಂಗಾ ಮುಟ್ಟಿ ಸುಳ್ಳು ಹೇಳೂದಿಲ್ಲ. ನಾ ಖಾತ್ರಿ ಕೊಡತೇನಿ" ಅಂದಳು.

ಡಾಕ್ಟರ್ ಮತ್ತೊಮ್ಮೆ ಕೂಸಿನ ಹಣಿ ಮುಟ್ಟಿದ. "ಮೈ ಬೆಚ್ಚಗೈತಿ, ನೆಗಡಿ ಐತಿ. ಅಫೀಮು ಅಲ್ಲ ಅಂದರ ಮೆದುಳಿಗೆ ಜ್ವರ ಏರಿರಬೇಕು. ಅದಕ್ಕ ಇಲ್ಲಿ ಸೌಲತ್ತಿಲ್ಲ. ಜೀಪು ತರಸ್ರಿ, ಕೊಲ್ಹಾಪುರಕ್ಕ ಕಳಸೋಣ" ಅಂದ. ಹೊರಗ ಯಾರೋ ಜೀಪಿಗೆ ಓಡಿದರು.

ಫಕೀರವ್ವ ಮೇಜಿನ ಹತ್ತಿರ ನಿಂತಿದ್ದಳು. ಕೂಸಿನ ಎದಿ ಒಂದು ಸಲ ಏರಿ ಇಳೀತು. ಆಮ್ಯಾಲೆ ಏರಲಿಲ್ಲ. ಆಕಿ ಕಾದಳು. ಏರಲಿಲ್ಲ. ತಾನೂ ಉಸಿರು ಹಿಡದಳು. ಕಡೀಕ ಏರಿತು, ಸಣ್ಣಗ. ಕೊಲ್ಹಾಪುರ ಎಷ್ಟು ದೂರ! ಈ ಉಸಿರು ನಡುದಾರಿಯ ಹಾತಕಣಂಗಲಾ ಸೈತ ಮುಟ್ಟೂದಿಲ್ಲ. ಡಾಕ್ಟರ್‌ಗ ಖರೇ ಹೊಳದಿತ್ತು. ಅವನ ಕೈ ಹಿಡದು ತಪ್ಪು ದಾರಿಗೆ ಹಚ್ಚಿದಾಕಿ ನಾನು. ಮ್ಯಾಲೆ ಈ ನರ್ಸಬಾಯಿ, ಪರಜಾತಿ ಹೆಣಮಗಳು, ನನ್ನ ಲಿಂಗದ ಮ್ಯಾಲೆ ವಿಶ್ವಾಸ ಇಟ್ಟು ಖಾತ್ರಿ ಕೊಡಾಕತ್ತಾಳ. ಏ ಹಾಳ ಮುದುಕಿ, ನಿನ್ನ ಮಾನ ದೊಡ್ಡದೋ ಈ ಕೂಸು ದೊಡ್ಡದೋ?

"ತಡೀರಿ!" ಅಂದಳು. ಆಕಿ ದನಿಗೆ ಎಲ್ಲಾರೂ ಹೊಳ್ಳಿ ನೋಡಿದರು. "ಕೊಟ್ಟೇನ್ರಿ. ನಾನ ಕೊಟ್ಟೇನಿ. ಆಣಿ ಸುಳ್ಳ ಮಾಡೇನಿ. ಜೇಲಿಗೆ ಹಾಕ್ರಿ, ಫಾಸಿಗೆ ಹಾಕ್ರಿ, ಮೊದಲ ಕೂಸನ್ನ ಉಳಸ್ರಿ."

"ಎಷ್ಟು? ಯಾವಾಗ?" ಡಾಕ್ಟರ್ ಸಿಟ್ಟಿಗೇಳಲಿಲ್ಲ, ಅಂಗಿ ತೋಳ ಮಡಚಿದ.

"ಸಾಸಿವಿಕಾಳಿನಷ್ಟು. ಎಂಟಕ್ಕ. ಒಂದು ತಿಂಗಳಿಂದ ದಿನಾ ಅಷ್ಟ ಕೊಡತೇನ್ರಿ, ಎಂದೂ ಹಿಂಗಾಗಿಲ್ಲರಿ."

"ರೂಢಿ ಇದ್ದ ಕೂಸಿಗೆ ಅಷ್ಟಕ್ಕ ಹಿಂಗ ಆಗಬಾರದಲ್ಲ" ಅಂದ ಡಾಕ್ಟರ್. "ನೆನಪ ಮಾಡಿಕೊಳ್ಳ್ರಿ. ಹೆಚ್ಚ ಕೊಟ್ಟೀರೇನು?"

"ನನ್ನ ಬೆರಳಿಗೆ ಗೊತ್ತೈತ್ರಿ. ಹೆಚ್ಚಿಲ್ಲ."

ಆಗ ಹಿಂದ ಧಪ್ಪಂತ ಸಪ್ಪಳಾತು. ಚನ್ನವ್ವ ನೆಲಕ್ಕ ಕುಂತಿದ್ದಳು. ಲಿಂಗಾ ಹಿಡದ ಕೈ ಬಿಟ್ಟಿದ್ದಿಲ್ಲ. "ನಾನೂ ಕೊಟ್ಟೇನ್ರಿ" ಅಂದಳು. "ಮುಂಜಾನೆ ಏಳಕ್ಕ. ಮೂರು ದಿನಾತು. ಹಲ್ಲಿನ ಸಂಕಟಕ್ಕ ರಾತ್ರಿ ಮಲಗೂದಿಲ್ಲ, ಹಗಲೆಲ್ಲಾ ಅತ್ತಿನ್ನ ಕಾಡತೈತಿ, ತವರುಮನಿ ಕೊರೋಚಿಗೆ ಹೋದಾಗ ನಮ್ಮವ್ವ ಕೊಟ್ಟಿದ್ದಳು... ಅತ್ತಿ ಲಿಂಗಾ ಮುಟ್ಟ್ಯಾರ, ಅವರು ಕೊಡೂದಿಲ್ಲ ಅಂತ ನಾ ತಿಳಕೊಂಡಿದ್ದೆ..."

ನೋಡ್ರಿ ಹಣೇಬಾರ! ಒಂದ ಮನಿ, ಒಂದ ಒಲಿ, ಒಂದ ಕೂಸು. ಸೊಸಿ ಆಣಿ ಮಾಡ್ಯಾಳ ಅಂತ ಅತ್ತಿ ನಂಬಿದಳು, ಅತ್ತಿ ಆಣಿ ಮಾಡ್ಯಾಳ ಅಂತ ಸೊಸಿ ನಂಬಿದಳು, ಇಬ್ಬರೂ ಕದ್ದು ಕೊಟ್ಟರು. ಕೂಸು ಮಲಗಿದ್ದು ತನ್ನ ಕೈಯಿಂದ ಅಂತ ಅತ್ತಿ ತಿಳದಳು, ತನ್ನ ಕೈಯಿಂದ ಅಂತ ಸೊಸಿ ತಿಳದಳು. ಆಣಿ ನಂಬದವರ ಮನಿಯಾಗಿದ್ದರ ಒಬ್ಬರ ಮ್ಯಾಲೆ ಒಬ್ಬರಿಗೆ ಸಂಶಯ ಬಂದು ಕೂಸು ಪಾರಾಗತಿತ್ತು.

ಡಾಕ್ಟರ್ ಜೀಪು ಬ್ಯಾಡ ಅಂತ ಒದರಿದ. ಮೂಗಿನಾಗ ನಳಿಗಿ ಹಾಕಿ ಹೊಟ್ಟಿ ತೊಳದರು. ಸೂಜಿ ಚುಚ್ಚಿದರು. ಅಲಕಾಬಾಯಿ ಸಿಲಿಂಡರಿನ ಗಾಳಿ ಹಚ್ಚಿ, ಉಸಿರು ನಿಂತಾಗ ತನ್ನ ಬಾಯಿ ಕೂಸಿನ ಬಾಯಿಗೆ ಇಟ್ಟು ಊದತಿದ್ದಳು, ಹಣಿ ಬೆವರು ವರಸಿಕೊಳ್ಳಾಕ ಸೈತ ಕೈ ಎತ್ತತಿದ್ದಿಲ್ಲ. ಅತ್ತಿ ಸೊಸಿನ್ನ ಹೊರಗ ಪಡಸಾಲ್ಯಾಗ ಕೂಡಿಸಿದರು.

ಇಬ್ಬರೂ ಒಂದ ಬಾಕಿನ ಎರಡು ತುದಿಗೆ ಕುಂತರು. ಒಂದು ಹೊಡೀತು, ಎರಡು ಹೊಡೀತು. ಒಳಗಿಂದ ಸಪ್ಪಳಿಲ್ಲ. ತನ್ನ ಮನಿಯೊಳಗ ಇಷ್ಟು ದಿನ ಇದ ಸಪ್ಪಳಿಲ್ಲದ್ದಕ್ಕ ಹೆಮ್ಮಿ ಪಡತಿದ್ದೆನಲ್ಲ ಅಂತ ಫಕೀರವ್ವಗ ತನ್ನ ಮ್ಯಾಲೆ ಹೇಸಿಗಿ ಆತು. ಸೊಸಿ ಈಗ ಬೈತಾಳ, ಈಗ ಬೈತಾಳ ಅಂತ ಕಾದಳು. ಬೈದಿದ್ದರ ಹಗೂರ ಆಗತಿತ್ತು. ಮೂರರ ಸುಮಾರಿಗೆ ಚನ್ನವ್ವ ಸರದು ಸರದು ಹತ್ತಿರ ಬಂದು, "ಅತ್ತಿ, ನೀವು ಹೇಳದಿದ್ದರ ನಾನೂ ಹೇಳತಿದ್ದಿಲ್ಲರಿ" ಅಂದಳು. "ಜೀಪಿನಾಗ ಕುಂತು ಹೋಗತಿದ್ದೆ. ಅಷ್ಟ ಹೆದರಿದ್ದೆ." ಅಷ್ಟಂದು ಅತ್ತಿ ತೊಡಿ ಮ್ಯಾಲೆ ತಲಿ ಇಟ್ಟು ಬಿಕ್ಕಿ ಬಿಕ್ಕಿ ಅತ್ತಳು.  ಫಕೀರವ್ವ ಆಕಿ ತಲಿಯಾಗಿನ ಹತ್ತಿಯ ಧೂಳಾ ಒಂದೊಂದ ತಗೀಕೋತ ಕುಂತಳು.

ಐದಾಗಿರಬೇಕು. ಒಳಗಿಂದ ಬೆಕ್ಕಿನ ಮರಿ ಮಿಯಾಂವ್ ಅಂದಂಗ ಒಂದು ದನಿ ಬಂತು. ಇಬ್ಬರೂ ಎದ್ದು ನಿಂತರು. ಮತ್ತ ಬಂತು. ಮೂರನೇ ಸಲಕ್ಕ ಅದು ದನಿ ಅಲ್ಲ, ಚೀರಾಟ! ಹೊಟ್ಟಿ ಒಳಗಿಂದ, ಸಿಟ್ಟಿನಿಂದ, ಇಡೀ ದವಾಖಾನಿ ಎದ್ದು ಬರಬೇಕು, ಹಂಗ ಬಾಳಕ್ಕ ಚೀರಿದಳು. ಫಕೀರವ್ವ ಕೈ ಎತ್ತಿ, "ಅಳು ನನ್ನವ್ವಾ, ಅಳು! ಊರ ಮಂದಿ ಕಿವಿ ಹಾರಿ ಹೋಗಲಿ, ಅಳು!" ಅಂತ ಕುಣಿದಾಡಿದಳು. ಚನ್ನವ್ವ ನಕ್ಕಳೋ ಅತ್ತಳೋ ಆಕಿಗೇ ಗೊತ್ತಿಲ್ಲ. ಆಗಷ್ಟ ಮಗ್ಗಾ ಬಿಟ್ಟು ಓಡಿ ಬಂದಿದ್ದ ಬಸಗೊಂಡ ಬಾಗಲದಾಗ ನಿಂತು, ಅಳೂ ಕೂಸಿಗೆ ಇಷ್ಟ್ಯಾಕ ಖುಷಿ ಅಂತ ತಿಳೀದ ಮಿಕಿಮಿಕಿ ನೋಡಿದ.

ಅಲಕಾಬಾಯಿ ಹೊರಗ ಬಂದು ಇವರ ಬಾಕಿನ ಮ್ಯಾಲೆ ದೊಪ್ಪಂತ ಕುಂತಳು. ಬಿಳೀ ಸೀರಿ ಎಲ್ಲಾ ನೀರಾಗಿತ್ತು. "ಗಂಡಾಂತರ ದಾಟಿತು" ಅಂದಳು. ಫಕೀರವ್ವ ಆಕಿ ಕಾಲು ಹಿಡಿಯಾಕ ಬಗ್ಗಿದರ ಕೈ ಹಿಡದು ಎಬ್ಬಿಸಿದಳು.

"ಪೋಲೀಸರು ಯಾವಾಗ ಬರತಾರ್ರಿ ಬಾಯಿ?" ಅಂದಳು ಫಕೀರವ್ವ.

"ಯಾಕ ಬರತಾರ? ಡಾಕ್ಟರ್ ಸಾಹೇಬ ಅಂದರು, ಪೋಲೀಸರಿಗೆ ಹೇಳಿದರ ನಾಳೆ ಇನ್ನೊಬ್ಬ ಮುದುಕಿ ಕೂಸನ್ನ ದವಾಖಾನಿಗೆ ತರೂದ ಇಲ್ಲ ಅಂತ." ಹಸಿ ಸೆರಗು ಹಿಂಡಿಕೋತ ಆಕಿನ ಮುಂದುವರಸಿದಳು. "ತಪ್ಪು ನಂದೂ ಐತಿ, ಆಜೀ. ನಾ ನಿಮ್ಮ ಕಡೆಯಿಂದ ಆಣಿ ಮಾಡಿಸಿದೆ. ಆಣಿ ಮಾಡಿದವರು ಬಿಡತಾರ ಅಂತ ತಿಳದೆ. ಬಿಡಲಿಲ್ಲ, ಮುಚ್ಚಿಟ್ಟರು. ಘರೋಘರೀ ಮಾತೀಚ್ಯಾ ಚುಲೀ. ಮನಿ ಮನಿಗೂ ಮಣ್ಣಿನ ಒಲಿ, ಎಲ್ಲಾ ಕಡೆ ಅದ ಕಥಿ. ನಾ ಕೂಸು ಯಾಕ ಮಲಗಬೇಕು ಅಂತ ಕೇಳಲೇ ಇಲ್ಲ. ಕೂಸನ್ನ ಎಚ್ಚರ ಇಡಾಕ ನಿಮಗ ಕೈ ಎಲ್ಲಿ ಅದಾವ ಅಂತ ನೋಡಲೇ ಇಲ್ಲ."

ದೊಡ್ಡ ನೌಕರಿಯಾಕಿ ಬಾಯಿಂದ ತಪ್ಪು ಅನ್ನೂ ಮಾತು ಫಕೀರವ್ವ ತನ್ನ ಜನ್ಮದಾಗ ಮೊದಲ ಸಲ ಕೇಳಿದ್ದು. ಆಕಿಗೆ ಬಿಸಿ ಚಹಾ ತರಸಿ ಕುಡಸಿದಳು.

ಮರುದಿನ ಬಸಗೊಂಡಗ ಎಲ್ಲಾ ತಿಳೀತು. ಎರಡು ತಾಸು ಸಿಟ್ಟಿಲೆ ದವಾಖಾನಿ ಸುತ್ತ ತಿರಗಿದ. ಆಮ್ಯಾಲೆ ಬಂದು, "ಅವ್ವಾ, ಇಬ್ಬರೂ ಲಿಂಗಾ ಮುಟ್ಟಿ ಹೇಳ್ರಿ, ಇನ್ನ ಮ್ಯಾಲೆ ಕೊಡೂದಿಲ್ಲ ಅಂತ" ಅಂದ.

"ಮುಟ್ಟೂದಿಲ್ಲ ಹೋಗ!" ಅಂದಳು ಫಕೀರವ್ವ. ಸಿಟ್ಟು ಮೊದಲಿನಂಗ ಮೂಗಿನ ತುದಿಗೆ ಬಂದಿತ್ತು. "ಮುಟ್ಟಿ ಒಂದು ಸಲ ಕೂಸನ್ನ ಕೊಂದಿದ್ದೆವು. ಶಿವನ್ನ ಇದರಾಗ ತರಬ್ಯಾಡ. ಕೊಡಬೇಕು ಅನಿಸಿದ ದಿನ ನಾ ನಿನ್ನ ಹೆಂಡತಿಗೆ ಹೇಳತೇನಿ, ಆಕಿಗೆ ಅನಿಸಿದ ದಿನ ಆಕಿ ನನಗ ಹೇಳತಾಳ. ನೀ ಅಲ್ಲಿತನಕ ಕೂಸಿನ ಬಟ್ಟಿ ಒಗದುಕೊಂಡು ಬಾ, ನಡಿ." ಬಸಗೊಂಡ ಬಟ್ಟಿ ಎತ್ತಿಕೊಂಡು ಹೋದ.

ಐದು ದಿನ ದವಾಖಾನಿಯೊಳಗ ಬಾಳಕ್ಕ ಎಲ್ಲಾರ ಜೀವಾ ತಿಂದಳು. ಅಫೀಮು ಬಿಡಸೂದು ಅಂದರ ಹಂಗ, ಡಾಕ್ಟರ್ ಮೊದಲ ಹೇಳಿದ್ದ. ಆರನೇ ದಿನ ಕೂಸು ಎದಿಗೆ ಬಾಯಿ ಹಾಕಿ ಗಟಗಟ ಕುಡೀತು, ಕುಡದು ಡೇಗಿತು. ಆ ಡೇಗು ಕೇಳಿ ಫಕೀರವ್ವ ಪಕ್ಕದ ಕಾಟಿನವರಿಗೆಲ್ಲಾ ಬೆಲ್ಲಾ ಹಂಚಿದಳು.

ಕೂಸು ಮನಿಗೆ ಬಂದ ಮ್ಯಾಲೆ ಅಲಕಾಬಾಯಿ ಮತ್ತ ಗಲ್ಲಿಗೆ ಬಂದಳು. ಈ ಸಲ ಕಟ್ಟಿ ಮುಂದ ಕೂಡಸಲಿಲ್ಲ, ಒಂದೊಂದ ಮನಿಗೆ ಹೋಗಿ ಒಲಿ ಮುಂದ ಕುಂತಳು. "ಅಫೀಮು ಕೊಡತೀಯೇನವಾ" ಅಂತ ಕೇಳಲಿಲ್ಲ. "ಎಷ್ಟು ಕೊಡತೀ?" ಅಂತ ಕೇಳಿದಳು, ಎಷ್ಟು ರೊಟ್ಟಿ ಬಡದಿ ಅಂತ ಕೇಳಿದಂಗ. ಫಕೀರವ್ವ ಸಂಗಾಟ ಹೋಗಿ, "ನಾ ಕೊಟ್ಟು ಕೊಂದಿದ್ದೆ, ನೀ ಹೇಳು, ಏನೂ ಆಗೂದಿಲ್ಲ" ಅಂತಿದ್ದಳು. ಲಿಂಗಾ ಮುಟ್ಟಿದ್ದ ಅಷ್ಟೂ ಮನಿಯೊಳಗ ಸಾಸಿವಿಕಾಳು ಹೊರಗ ಬಂತು. ದಿನಾ ಸ್ವಲ್ಪ ಸ್ವಲ್ಪ ಕಡಿಮಿ ಮಾಡಿ ಬಿಡಸೂದು ಹೆಂಗ ಅಂತ ಅಲಕಾಬಾಯಿ ತೋರಿಸಿ ಕೊಟ್ಟಳು.

ಆದರ ಎಚ್ಚರ ಇದ್ದ ಐದು ಕೂಸನ್ನ ಹಿಡಿಯಾವರು ಯಾರು? ಫಕೀರವ್ವ ಸೀದಾ ಕುಂಥುನಾಥ ಅಣ್ಣಾರ ಕಡೆ ಹೋದಳು. ಅವರು ಜೈನರು, ಶಾಂತ ಮನುಷ್ಯ, ನೀರು ಸೋಸಿ ಕುಡಿಯಾವರು. ಆಕಿ ಕೈಯೇನೂ ಮುಗೀಲಿಲ್ಲ. "ಅಣ್ಣಾರ, ನಿಮ್ಮ ಬಸ್ತಿಯೊಳಗ ಇರವಿ ತುಳದರೂ ಪಾಪ ಅಂತಾರ. ನಾವು ಇಲ್ಲಿ ಕೂಸಿಗೆ ವಿಷಾ ತೇದು ಹಾಕಿ ನಿಮಗ ಕಂಡಿಕಿ ಸುತ್ತಿ ಕೊಡಾಕತ್ತೇವಿ. ಇದು ಯಾರ ಲೆಕ್ಕಕ್ಕ ಹೋಗತೈತ್ರಿ?"

ಕುಂಥುನಾಥ ಅಣ್ಣಾ ತಲಿ ಕೆಳಗ ಹಾಕಿದರು. "ನನಗ ಯಾರೂ ಹೇಳಲಿಲ್ಲ" ಅಂದರು. "ನೀವೂ ಕೇಳಲಿಲ್ಲರಿ" ಅಂದಳು ಫಕೀರವ್ವ. ಕಡೀಕ ಹಿಂದಿನ ನೂಲಿನ ಖೋಲಿ ಖಾಲಿ ಮಾಡಿಸಿ ಕೊಟ್ಟರು, ಮಗ್ಗದ ಸಪ್ಪಳ ಅಲ್ಲಿಗೆ ಕಡಿಮಿ. ಫಕೀರವ್ವನ ಜೋಡಿ ಇನ್ನೊಬ್ಬಾಕಿನ್ನ ಇಟಗೊಳ್ಳಾಕ ಒಪ್ಪಿದರು. ತಾಯಂದಿರು ಹೊತ್ತಿಗೊಂದು ಸಲ ಹೊರಗ ಬಂದು ಹಾಲು ಕುಡಸಿ ಹೋಗಬೇಕು, ಯಾವ ನೇಕಾರನೂ ತುಟಿ ಬಿಚ್ಚಬಾರದು ಅಂತ ತಾವ ನಿಂತು ಹೇಳಿದರು.

ಹೇಳಿದಷ್ಟು ಸಸಾರ ಏನಿರಲಿಲ್ಲ ಬಿಡ್ರಿ. ಎಚ್ಚರ ಇದ್ದ ಕೂಸು ಅಂದರ ಕೂಸು! ಒಂದು ಮಣ್ಣು ತಿನ್ನತೈತಿ, ಒಂದು ಇನ್ನೊಂದರ ಜುಟ್ಟು ಜಗ್ಗತೈತಿ, ಒಂದು ಸುಮ್ಮನ ನಗತೈತಿ, ಅದರ ನಗಿ ನೋಡಿ ಫಕೀರವ್ವ ಉಳದ ನಾಕನ್ನೂ ಮರೀತಾಳ. ಸಂಜಿಗೆ ನಡಾ ಮುರದಿರತಿತ್ತು. ನಮ್ಮವ್ವನ ಕೈಯಾಗ ಇಂಥಾದೊಂದು ಖೋಲಿ ಇದ್ದಿದ್ದರ ಆ ಇಬ್ಬರೂ ಇರತಿದ್ದರೋ ಏನೋ ಅಂತ ಆಕಿಗೆ ಒಮ್ಮೊಮ್ಮೆ ಅನಸತಿತ್ತು. ಅನಿಸಿದಾಗ ಕಣ್ಣು ವರಸಿಕೊಂಡು ಮತ್ತ ಯಾವುದೋ ಕೂಸಿನ ಮೂಗು ಒರಸಾಕ ಏಳತಿದ್ದಳು.

ಮೊದಲ ಮಳಿ ಹಿಡದ ದಿನ. ಬಾಳಕ್ಕಗ ಕೋರೆಹಲ್ಲು ಬರಾಕ ಹತ್ತಿದ್ದವು. ಮುಂಜಾನಿಂದ ಆಕಿ ಹಟಾ ಹಿಡದಿದ್ದಳು, ಎತ್ತಿದರ ಇಳಸು, ಇಳಸಿದರ ಎತ್ತು. ಫಕೀರವ್ವನ ಜೋಡಿ ಮುದುಕಿ ಆ ದಿನ ಬಂದಿದ್ದಿಲ್ಲ. ಮಧ್ಯಾಹ್ನ ಚನ್ನವ್ವ ಮಳ್ಯಾಗ ತೊಯಿಸಿಕೊಂಡು ಹಾಲು ಕುಡಸಾಕ ಬಂದಳು. ಕೂಸು ಎದಿ ಕಚ್ಚಿ ಹೊಳ್ಳಿ ಚೀರಿತು. ಚನ್ನವ್ವ ಹಲ್ಲು ಕಚ್ಚಿ ನಿಂತಳು. ಏನೋ ಹೇಳಬೇಕು ಅಂತ ಮಾಡಿ ನುಂಗಿದಳು.

"ಅತ್ತಿ" ಅಂದಳು ಕಡೀಕ.  "ಇವತ್ತ ನನಗ... ಕೊಡಬೇಕು ಅನಸಾಕತ್ತೈತ್ರಿ. ಕೊರೋಚಿಗೆ ಹೋಗಿ ಅವ್ವನ ಕಡೆ ತರಲೇನು ಅಂತ ಮುಂಜಾನಿಂದ ಅನಸಾಕತ್ತೈತಿ."

ಫಕೀರವ್ವ ಸೊಸಿ ಮಾರಿ ನೋಡಿದಳು. ತನ್ನ ಎದಿ ಮ್ಯಾಲಿಂದ ಒಂದು ಕಲ್ಲು ಯಾರೋ ಎತ್ತಿ ಅತ್ತ ಇಟ್ಟಂಗಾತು.

"ನಿನಗ ಬರೇ ಮುಂಜಾನಿಂದ ಏನಬೇ? ನನಗ ನಿನ್ನೆ ಸಂಜಿಂದ ಅನಸಾಕತ್ತೈತಿ! ಹೆಂಗ ಹೇಳಲಿ ಅಂತ ಒದ್ದಾಡಾಕತ್ತಿದ್ದೆ. ಕೊಡಿಲ್ಲೆ ಆ ರಾಕ್ಷಸಿನ್ನ."

ಇಬ್ಬರೂ ಒಬ್ಬರ ಮಾರಿ ಒಬ್ಬರು ನೋಡಿ ನಗಾಕ ಹತ್ತಿದರು. ಹೊಟ್ಟಿ ಹಿಡಕೊಂಡು ನಕ್ಕರು. ಅವರ ನಗಿಗೆ ಬೆರಗಾಗಿ ಬಾಳಕ್ಕ ಒಂದು ಗಳಿಗಿ ಬಾಯಿ ಮುಚ್ಚಿದಳು, ಅತ್ತ ಇತ್ತ ನೋಡಿದಳು. ಆಮ್ಯಾಲೆ ಮೊದಲಿಗಿಂತ ಜೋರಲೆ ಚೀರಿದಳು. ಅದನ್ನ ಕೇಳಿ ಉಳದ ನಾಕೂ ಸುರು ಮಾಡಿದವು.